ಲಾಗ್‌ಬುಕ್ ಎದುರಿಗಿಟ್ಟುಕೊಂಡು ಹಳೆಯ ಹಾರಾಟದ ನೆನಪುಗಳನ್ನು ಬರೆದುಕೊಳ್ಳುವ ಬಗೆ

ಅರವತ್ತರ ದಶಕದಲ್ಲಿ ವಿಮಾನ ಹಾರಿಸಲು ಕಲಿತ ಹಿರಿಯರು ಮನೆಯಲ್ಲಿದ್ದರೆ, ಅವರ ನೆನಪುಗಳನ್ನು ಬರೆದುಕೊಳ್ಳುವ ಮುನ್ನ ಅವರ ಲಾಗ್‌ಬುಕ್ಕನ್ನು, ಅಂದರೆ ಪ್ರತಿ ಹಾರಾಟವನ್ನೂ ಸಾಲುಸಾಲಾಗಿ ಬರೆದಿಟ್ಟ ಪುಸ್ತಕವನ್ನು, ಹುಡುಕಿ ತೆಗೆಯಬೇಕು. ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣದಲ್ಲಿ ಕಲಿತಿದ್ದ ನನ್ನ ಸೋದರಮಾವನನ್ನು "ಮೊದಲ ಸಲ ಒಬ್ಬರೇ ಹಾರಿದಾಗ ಹೇಗನ್ನಿಸಿತು?" ಎಂದು ಕೇಳಿದಾಗಲೆಲ್ಲ "ಏನನ್ನಿಸೋದು, ಚೆನ್ನಾಗಿತ್ತು" ಎಂಬುದಷ್ಟೇ ಉತ್ತರವಾಗಿತ್ತು. ಆ ದಿನದ ಸಾಲಿನ ಮೇಲೆ ಬೆರಳಿಟ್ಟು "ಮಾವ, ಅವತ್ತು ಪ್ರೊಪೆಲ್ಲರ್ ತಿರುಗಿಸಿದ್ದು ಯಾರು?" ಎಂದು ಕೇಳಿದ ಮೇಲೆ ಮಾತು ಊಟದ ಹೊತ್ತಾದರೂ ನಿಲ್ಲಲಿಲ್ಲ.

ಮೊದಲಿಗೆ ವಿಮಾನದ ಮಾದರಿಯ ಅಂಕಣವನ್ನು ನೋಡಿ, ಏಕೆಂದರೆ ಪ್ರಶ್ನೆಗಳು ಅದನ್ನೇ ಅವಲಂಬಿಸಿರುತ್ತವೆ. ಟೈಗರ್ ಮಾತ್ ಎಂಬ ತರಬೇತಿ ವಿಮಾನವಾಗಿದ್ದರೆ ತೆರೆದ ಕಾಕ್‌ಪಿಟ್ಟಿನಲ್ಲಿ ಶಿಕ್ಷಕರು ಮುಂದೆ, ಕಲಿಯುವವರು ಹಿಂದೆ. ಬೈಗುಳವೂ ಬರುತ್ತಿದ್ದುದು ಮಾತಿನ ಕೊಳವೆಯ ಮೂಲಕ. ಎಚ್‌ಎಎಲ್ ನಿರ್ಮಿಸಿದ, 1958ರಲ್ಲಿ ಮೊದಲು ಹಾರಿದ ಪುಷ್ಪಕ್ ಆಗಿದ್ದರೆ ಇಬ್ಬರೂ ಅಕ್ಕಪಕ್ಕದಲ್ಲೇ ಕೂರುತ್ತಿದ್ದರು. ಆದ್ದರಿಂದ ಮೊದಲ ಸೋಲೋ (ಒಬ್ಬರೇ ಹಾರುವ) ದಿನ ಪಕ್ಕದ ಆಸನ ಖಾಲಿ ಕಂಡದ್ದನ್ನೂ, ಒಬ್ಬರ ಭಾರ ಇಳಿದ ವಿಮಾನ ಎಂದಿಗಿಂತ ಬೇಗ ನೆಲ ಬಿಟ್ಟದ್ದನ್ನೂ ಬಿಡಿಸಿ ಕೇಳಬಹುದು.

ಎಂಜಿನ್ ಚಾಲೂ ಮಾಡುತ್ತಿದ್ದ ಕ್ರಮಕ್ಕೆ ಒಂದು ಪೂರ್ತಿ ಬೈಠಕ್ಕನ್ನೇ ಮೀಸಲಿಡಿ. ಪುಷ್ಪಕ್‌ನ 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್ನಿಗೆ ಸ್ಟಾರ್ಟರ್ ಇರಲಿಲ್ಲ. ಚಕ್ರಗಳಿಗೆ ಉರುಳದಂತೆ ತಡೆಯುವ ಚಾಕ್ ಕೊಟ್ಟು, ಹೊರಗಿನವರು "ಸ್ವಿಚ್ ಆಫ್" ಎಂದು ಕೂಗಿ, ಒಳಗಿನವರು ಅದನ್ನೇ ಮರಳಿ ಹೇಳಿದ ಮೇಲೆ ಪ್ರೊಪೆಲ್ಲರನ್ನು ಕೈಯಿಂದಲೇ ಕೆಲವು ಸುತ್ತು ಎಳೆದು ಸಿಲಿಂಡರುಗಳಿಗೆ ಪೆಟ್ರೋಲ್ ಹಾಯಿಸಬೇಕಿತ್ತು. ಬಳಿಕ "ಕಾಂಟ್ಯಾಕ್ಟ್" ಎಂಬ ಕೂಗು, ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೊದ ಸ್ವಿಚ್ ಹಾಕಿದ ಉತ್ತರ, ಒಂದೇ ರಭಸದ ಎಳೆತ, ಹಿಂದಕ್ಕೆ ಒಂದು ಹೆಜ್ಜೆ. ಮಾವ ಇದನ್ನು ಬಾಯಲ್ಲಿ ಹೇಳಲಾರದೆ ಎದ್ದು ನಿಂತು, ಬಾಗಿಲ ಅಂಚಿಗೆ ಅಂಗೈ ಒತ್ತಿ ತೋರಿಸಿದರು: ಬೆರಳು ಮಡಚಿ ಅಲಗನ್ನು ಹಿಡಿಯಬಾರದು, ಎಂಜಿನ್ ಹಿಂದಕ್ಕೆ ಒದ್ದರೆ ಕೈ ಅದರ ಜೊತೆಗೇ ಹೋಗುತ್ತದೆ. ಆದ್ದರಿಂದ ಧ್ವನಿಮುದ್ರಣ ಮಾತ್ರ ಸಾಲದು, ಕೈಗಳೂ ಕಾಣುವಂತೆ ವಿಡಿಯೋ ಮಾಡಿಕೊಳ್ಳಿ.

ಡ್ಯುಯಲ್ (ಶಿಕ್ಷಕರ ಜೊತೆಗಿನ), ಸೋಲೋ ಅಂಕಣಗಳ ಒಟ್ಟು ಗಂಟೆಗಳನ್ನು ಬರೆದುಕೊಂಡರೆ ಸಾಕು, ಅವುಗಳ ಮೇಲೆ ಹೆಚ್ಚು ಹೊತ್ತು ಕೂರಬೇಕಿಲ್ಲ. ಹತ್ತು ನಿಮಿಷದ ಹಾರಾಟಕ್ಕಾಗಿ ಬೆಳಗಿನಿಂದ ಕಾದ ಹೊತ್ತು ಯಾವ ಅಂಕಣದಲ್ಲೂ ಇರುವುದಿಲ್ಲ, ನನ್ನ ಮಟ್ಟಿಗೆ ಹಾರಾಟ ಕಲಿಯುವವರ ನಿಜವಾದ ಬದುಕು ಅದೇ. ಗಾಳಿ ಜೋರಾಗಿ ಸರದಿ ತಪ್ಪಿದ ದಿನಗಳು, ರೆಕ್ಕೆಯ ಬಟ್ಟೆ ಬಿಗಿಯಾಗಲೆಂದು ಬಳಿಯುತ್ತಿದ್ದ ಡೋಪ್ ಎಂಬ ವಾರ್ನಿಷಿನ ವಾಸನೆ, ರೇಡಿಯೋ ಇಲ್ಲದ ವಿಮಾನಕ್ಕೆ ಟವರಿನಿಂದ ತೋರಿಸುತ್ತಿದ್ದ ಹಸಿರು, ಕೆಂಪು ದೀಪಗಳು, ಇವನ್ನೆಲ್ಲ ಕೇಳಿಯೇ ಪಡೆಯಬೇಕು.

ಹಳೆಯ ಫೋಟೋ ಸಿಕ್ಕರೆ ವಿಮಾನದ ಒಡಲಿನ ಮೇಲಿನ, ಭಾರತದ ವಿಮಾನವೆಂದು ಸೂಚಿಸುವ "ವಿಟಿ" ಮತ್ತು ಅದರ ಮುಂದಿನ ಮೂರು ಅಕ್ಷರಗಳನ್ನು ಲಾಗ್‌ಬುಕ್ಕಿನ ನೋಂದಣಿಯೊಡನೆ ಹೋಲಿಸಿ, ಫೋಟೋ ಯಾವ ತಿಂಗಳಿನದೆಂಬುದು ಹಲವು ಸಲ ಅಲ್ಲೇ ಹೊರಬೀಳುತ್ತದೆ. ಹಿರಿಯರ ನೆನಪಿಗೂ ಲಾಗ್‌ಬುಕ್ಕಿಗೂ ತಾಳೆಯಾಗದಿದ್ದರೆ ವಾದಕ್ಕಿಳಿಯದೆ ಎರಡನ್ನೂ ಬರೆದಿಡಿ. ಕೊನೆಯ ನಮೂದಿನ ಕೆಳಗಿನ ಖಾಲಿ ಸಾಲುಗಳ ವಿಷಯವನ್ನು ಕೊನೆಯ ದಿನವೇ ಎತ್ತಿ. "ದುಡ್ಡು ಮುಗೀತು ಕಣಯ್ಯ" ಎಂದು ಮಾವ ಪುಸ್ತಕ ಮುಚ್ಚಿದರು, ನಾನು ಆ ಪುಟವನ್ನೂ ಸ್ಕ್ಯಾನ್ ಮಾಡಿಟ್ಟುಕೊಂಡೆ.