ಕೇಳಿ ತಿಳಿಯುವರೇ, ಓದಿ ತಿಳಿಯುವರೇ? ಇಂಗ್ಲಿಷ್ ಗ್ರಹಿಕೆಯನ್ನು ಅಳೆಯುವ ಬಗೆ

ಹನ್ನೊಂದನೇ ಅಥವಾ ಹನ್ನೆರಡನೇ ತರಗತಿಯ ವಿದ್ಯಾರ್ಥಿನಿಯೊಬ್ಬಳಿಗೆ ಇಂಗ್ಲಿಷ್‌ನಲ್ಲಿ ನೂರಕ್ಕೆ 58 ಅಂಕ ಬಂದಿದೆ ಎಂದುಕೊಳ್ಳಿ. ಆ 58ರಿಂದ ಶಿಕ್ಷಕರಿಗೆ ಏನು ತಿಳಿಯಿತು? ಓದಿದ್ದು ಅರ್ಥವಾಗಿ, ಕೇಳಿದ್ದು ಮಾತ್ರ ಅರ್ಥವಾಗುತ್ತಿಲ್ಲವೇ? ಪದಗಳ ಪರಿಚಯ ಸಾಲದೇ? ಎಲ್ಲವೂ ಅರ್ಥವಾಗಿದ್ದರೂ ಉತ್ತರ ಬರೆಯುವಾಗ ವಾಕ್ಯ ಕೈಕೊಡುತ್ತಿದೆಯೇ? ಒಟ್ಟು ಅಂಕ ಇದ್ಯಾವುದನ್ನೂ ಹೇಳುವುದಿಲ್ಲ. ಒಂದೆರಡು ವರ್ಷದಲ್ಲೇ ಆಕೆ ಇಂಗ್ಲಿಷ್ ಉಪನ್ಯಾಸಗಳನ್ನು ಕೇಳುತ್ತಾ ಟಿಪ್ಪಣಿ ಮಾಡಿಕೊಳ್ಳಬೇಕು, ದಪ್ಪ ಪುಸ್ತಕಗಳನ್ನು ಯಾರ ನೆರವೂ ಇಲ್ಲದೆ ಓದಿಕೊಳ್ಳಬೇಕು. ಎಲ್ಲಿ ಎಡವುತ್ತಿದ್ದಾಳೆಂದು ಈಗಲೇ ಗೊತ್ತಾದರೆ ತಿದ್ದಲು ಸಮಯವಿದೆ.

ಆಲಿಸುವುದು, ಓದುವುದು ಎರಡೂ ಕಣ್ಣಿಗೆ ಕಾಣದ ಕೆಲಸಗಳು. ಮಾತು ಮತ್ತು ಬರಹವಾದರೆ ನೇರವಾಗಿ ಕೇಳಬಹುದು, ನೋಡಬಹುದು. ಗ್ರಹಿಕೆಯನ್ನು ಮಾತ್ರ ಉತ್ತರಗಳಿಂದ ಊಹಿಸಬೇಕು. ಹಾಗಾಗಿ ಈ ಇಡೀ ಕೆಲಸದಲ್ಲಿ ಒಂದು ಎಚ್ಚರ ಸದಾ ಜೊತೆಗಿರಬೇಕು: ಈ ಉತ್ತರ ಸರಿಯಾಗಲು ಅಥವಾ ತಪ್ಪಾಗಲು ಗ್ರಹಿಕೆಯಲ್ಲದೆ ಬೇರೆ ಕಾರಣ ಇರಬಹುದೇ?

ಉದ್ದೇಶ ಮತ್ತು ನೀಲನಕ್ಷೆ

ಪ್ರಶ್ನೆ ಬರೆಯಲು ಕೂರುವ ಮುನ್ನ, ಫಲಿತಾಂಶ ಕೈಗೆ ಬಂದ ಮೇಲೆ ಏನು ಮಾಡುತ್ತೀರಿ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ. ವರ್ಷದ ಕೊನೆಗೆ ಶ್ರೇಣಿ ಕೊಡುವ ಪರೀಕ್ಷೆ ಬೇರೆ, ವರ್ಷದ ಆರಂಭದಲ್ಲಿ ತೊಡಕು ಹುಡುಕುವ ಪರೀಕ್ಷೆ ಬೇರೆ. ಈ ಲೇಖನ ಮುಖ್ಯವಾಗಿ ಎರಡನೆಯದರ ಕುರಿತು. ನಮ್ಮ ತರಗತಿಗಳಲ್ಲಿ ಕೊರತೆಯಿರುವುದೂ ಅದರದ್ದೇ.

ಮಟ್ಟ ಗುರುತಿಸಲು ಯುರೋಪ್ ಕೌನ್ಸಿಲ್ 2001ರಲ್ಲಿ ಪ್ರಕಟಿಸಿದ ಭಾಷಾ ಚೌಕಟ್ಟು ನೆರವಾಗುತ್ತದೆ. ಎ1ರಿಂದ ಸಿ2ವರೆಗೆ ಅದರಲ್ಲಿ ಆರು ಮಟ್ಟಗಳಿವೆ. ಪರಿಚಿತ ವಿಷಯದ ಬಗ್ಗೆ ಸ್ಪಷ್ಟವಾಗಿ ಆಡಿದ ಮಾತಿನ ಮುಖ್ಯಾಂಶ ತಿಳಿಯುವುದು ಬಿ1. ವಿಷಯ ಒಂದಿಷ್ಟು ಪರಿಚಿತವಾಗಿದ್ದರೆ ದೀರ್ಘ ಭಾಷಣವನ್ನೂ ಅದರೊಳಗಿನ ಸಂಕೀರ್ಣ ವಾದವನ್ನೂ ಹಿಂಬಾಲಿಸಬಲ್ಲುದು ಬಿ2. ಉನ್ನತ ಶಿಕ್ಷಣದ ಹೊಸ್ತಿಲಲ್ಲಿರುವವರನ್ನು ಅಳೆಯುವಾಗ ಈ ಎರಡು ಮಟ್ಟಗಳ ನಡುವೆ ಗಮನವಿಟ್ಟರೆ ಸಾಕು.

ಅನಂತರ ಒಂದು ಪುಟದ ನೀಲನಕ್ಷೆ. ಆಲಿಸುವಿಕೆಗೆ 15 ಪ್ರಶ್ನೆ, ಓದಿಗೆ 15 ಪ್ರಶ್ನೆ ಎಂದಿಟ್ಟುಕೊಂಡರೆ, ಎರಡರಲ್ಲೂ ವಿವರ ಹಿಡಿಯುವುದಕ್ಕೆ ಐದು, ಮುಖ್ಯ ವಿಚಾರ ಗುರುತಿಸುವುದಕ್ಕೆ ನಾಲ್ಕು, ಹೇಳದೆ ಬಿಟ್ಟದ್ದನ್ನು ಊಹಿಸುವುದಕ್ಕೆ ನಾಲ್ಕು, ಹೇಳುವವರ ನಿಲುವು ಅರಿಯುವುದಕ್ಕೆ ಎರಡು ಎಂದು ಹಂಚಿ. ಎರಡೂ ಭಾಗಕ್ಕೆ ಒಂದೇ ಹಂಚಿಕೆ ಇರಲಿ. ಕೊನೆಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವಾಗ ಇದು ಬೇಕಾಗುತ್ತದೆ.

ಓದಿಗೆ ಗದ್ಯಭಾಗ ಆರಿಸುವುದು

ಒಂದು ಗದ್ಯಭಾಗವನ್ನು ಚೆನ್ನಾಗಿ ಅರ್ಥಮಾಡಿಕೊಳ್ಳಲು ಅದರ ಎಷ್ಟು ಪದಗಳು ಗೊತ್ತಿರಬೇಕು? 2000ದಲ್ಲಿ ಸಂಶೋಧಕರಾದ ಹೂ ಮತ್ತು ನೇಷನ್ ಪ್ರಕಟಿಸಿದ ಅಧ್ಯಯನದ ಪ್ರಕಾರ ಸುಮಾರು ಶೇ 98. ಅಂದರೆ 400 ಪದಗಳ ಭಾಗದಲ್ಲಿ ಅಪರಿಚಿತ ಪದ ಎಂಟಕ್ಕಿಂತ ಹೆಚ್ಚಿರಬಾರದು. ಶೇ 90ರಷ್ಟು ಪದ ಗೊತ್ತಿದ್ದರೆ ಸಾಕು ಎಂದು ನಮಗೆ ಅನ್ನಿಸಬಹುದು. ಆದರೆ ಅಲ್ಲಿ ನಲವತ್ತು ಪದಗಳು ಕತ್ತಲೆಯಲ್ಲಿರುತ್ತವೆ, ಪ್ರತಿ ವಾಕ್ಯದಲ್ಲೂ ಒಂದೆರಡು ತಡೆ. ಅಂತಹ ಗದ್ಯಭಾಗ ಕೊಟ್ಟು ‘ಲೇಖಕರ ನಿಲುವೇನು’ ಎಂದು ಕೇಳಿದರೆ ನಾವು ಅಳೆಯುವುದು ಪದಸಂಪತ್ತನ್ನೇ ಹೊರತು ಊಹಾಶಕ್ತಿಯನ್ನಲ್ಲ. ಆರಿಸಿದ ಭಾಗವನ್ನು ತರಗತಿಯ ಮಧ್ಯಮ ಮಟ್ಟದ ನಾಲ್ಕೈದು ಮಂದಿಗೆ ಮೊದಲೇ ಕೊಟ್ಟು, ಗೊತ್ತಿಲ್ಲದ ಪದಗಳಿಗೆ ಗೆರೆ ಎಳೆಯಲು ಹೇಳಿ. ಅವರನ್ನು ಆ ಪರೀಕ್ಷೆಯಿಂದ ಹೊರಗಿಡಬೇಕಾಗುತ್ತದೆ. ಅದು ಕಷ್ಟವಾದರೆ ಇನ್ನೊಂದು ವಿಭಾಗದ ವಿದ್ಯಾರ್ಥಿಗಳ ನೆರವು ಪಡೆಯಿರಿ.

ಓದಿನ ಸುಲಭತೆ ಲೆಕ್ಕಹಾಕುವ ಸೂತ್ರಗಳು ಅಂತರ್ಜಾಲದಲ್ಲಿ ಧಾರಾಳವಾಗಿ ಸಿಗುತ್ತವೆ. ಅವುಗಳಲ್ಲಿ ಹೆಸರಾದ ಫ್ಲೆಶ್ ಸೂತ್ರ 1948ರದ್ದು. ಅದು ವಾಕ್ಯದ ಉದ್ದವನ್ನೂ ಪದಗಳ ಉಚ್ಚಾರಾಂಶಗಳನ್ನೂ ಮಾತ್ರ ಎಣಿಸುತ್ತದೆ. ಚಿಕ್ಕ ವಾಕ್ಯಗಳಲ್ಲಿ ಬರೆದ ತತ್ವಶಾಸ್ತ್ರವನ್ನೂ ಅದು ಸುಲಭವೆಂದೇ ಹೇಳೀತು. ಮೊದಲ ಜರಡಿಯಾಗಿ ಬಳಸಿ, ತೀರ್ಮಾನ ನಿಮ್ಮದಿರಲಿ.

ವಿಷಯದ ಪರಿಚಯವೂ ಫಲಿತಾಂಶವನ್ನು ಕೆಡಿಸುತ್ತದೆ. ಜೇನುಹುಳುವಿನ ನೃತ್ಯದ ಕುರಿತ ಗದ್ಯಭಾಗ ಕೊಟ್ಟು ‘ಹುಳು ನರ್ತಿಸುವುದು ಏಕೆ’ ಎಂದು ಕೇಳಿ ನೋಡಿ. ಜೀವಶಾಸ್ತ್ರ ಓದುವವರು ಗದ್ಯದ ಕಡೆ ತಿರುಗಿಯೂ ನೋಡದೆ ಬರೆಯುತ್ತಾರೆ, ವಾಣಿಜ್ಯ ವಿಭಾಗದವರು ಓದಿಯೇ ಬರೆಯಬೇಕು. ಒಂದೇ ದೊಡ್ಡ ಭಾಗದ ಬದಲು ಬೇರೆ ಬೇರೆ ವಿಷಯಗಳ ಮೂರು ಸಣ್ಣ ಭಾಗಗಳನ್ನು ಕೊಟ್ಟರೆ ಈ ಅನ್ಯಾಯ ಕಡಿಮೆಯಾಗುತ್ತದೆ.

ಆಲಿಸುವಿಕೆಗೆ ಧ್ವನಿಮುದ್ರಿಕೆ

ಅತಿ ಹೆಚ್ಚು ತಪ್ಪುಗಳಾಗುವುದು ಇಲ್ಲಿಯೇ. ಪಠ್ಯಪುಸ್ತಕದ ಪುಟವೊಂದನ್ನು ಶಿಕ್ಷಕರು ಗಟ್ಟಿಯಾಗಿ ಓದುತ್ತಾರೆ, ಅದನ್ನೇ ಆಲಿಸುವಿಕೆಯ ಪರೀಕ್ಷೆ ಎಂದು ಕರೆಯುತ್ತಾರೆ. ಇದು ಸರಿಯಲ್ಲ. ಬರಹಕ್ಕೆಂದು ಹೆಣೆದ ವಾಕ್ಯ ದಟ್ಟವಾಗಿರುತ್ತದೆ. ಅರ್ಥವಾಗದಿದ್ದರೆ ಹಿಂದೆ ಹೋಗಿ ಮತ್ತೆ ಓದಬಹುದು ಎಂಬ ಭರವಸೆಯಲ್ಲೇ ಅದು ಹುಟ್ಟಿರುತ್ತದೆ. ಆಡುವ ಮಾತು ಹಾಗಲ್ಲ. ಅದರಲ್ಲಿ ತಡವರಿಕೆ ಇದೆ, ಹೇಳಿದ್ದನ್ನೇ ಇನ್ನೊಂದು ರೀತಿಯಲ್ಲಿ ಹೇಳುವುದಿದೆ, ಅರ್ಧಕ್ಕೆ ನಿಂತ ವಾಕ್ಯಗಳಿವೆ. ಈ ಪುನರುಕ್ತಿಯೇ ಕೇಳುಗರಿಗೆ ಆಸರೆ.

ಆದ್ದರಿಂದ ಪೂರ್ತಿ ಬರೆದ ಸಂಭಾಷಣೆಯನ್ನು ಓದಿಸಬೇಡಿ. ಇಂಗ್ಲಿಷ್ ಚೆನ್ನಾಗಿ ಬಲ್ಲ ಇಬ್ಬರನ್ನು ಕೂರಿಸಿ, ಐದಾರು ಅಂಶಗಳ ಚೀಟಿ ಕೊಟ್ಟು, ಆ ಕ್ರಮದಲ್ಲಿ ಸಹಜವಾಗಿ ಮಾತನಾಡಲು ಹೇಳಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಎರಡು, ಮೂರು ನಿಮಿಷ ಸಾಕು. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ. ಇಬ್ಬರ ದನಿ ಸುಲಭವಾಗಿ ಬೇರೆಯಾಗಿ ಕೇಳುವಂತಿರಲಿ. ಇಲ್ಲವಾದರೆ ಯಾರು ಏನು ಹೇಳಿದರು ಎಂಬ ಗೊಂದಲವೇ ಪರೀಕ್ಷೆಯಾಗಿಬಿಡುತ್ತದೆ. ಒಂದೇ ಉಚ್ಚಾರಣಾ ಶೈಲಿಗೆ ಅಂಟಿಕೊಳ್ಳುವುದೂ ಬೇಡ, ವಿದ್ಯಾರ್ಥಿಗಳು ಎಂದೂ ಕೇಳಿರದ ಶೈಲಿಯನ್ನು ಪರೀಕ್ಷೆಯ ದಿನವೇ ಪರಿಚಯಿಸುವುದೂ ಬೇಡ.

ಮಾತಿನ ವೇಗ ನಿಮಿಷಕ್ಕೆ 150 ಪದಗಳ ಆಸುಪಾಸಿನಲ್ಲಿದ್ದರೆ ಸಹಜ. ಬಿಡಿಸಿ ಬಿಡಿಸಿ ನಿಧಾನಕ್ಕೆ ಹೇಳಿದರೆ ನಿಜವಾದ ತೊಡಕೇ ಮಾಯವಾಗುತ್ತದೆ. ಏಕೆಂದರೆ ಸಹಜ ವೇಗದಲ್ಲಿ ‘ಡಿಡ್ ಯು’ ಎಂಬುದು ‘ಡಿಜು’ ಎಂದು ಕೇಳುತ್ತದೆ, ‘ನೆಕ್ಸ್ಟ್ ಡೇ’ ಎನ್ನುವಾಗ ನಡುವಿನ ‘ಟ್’ ಕರಗಿಹೋಗುತ್ತದೆ, ‘ಫಿಫ್ಟೀನ್’ ಮತ್ತು ‘ಫಿಫ್ಟಿ’ ನಡುವಿನ ಅಂತರ ಒತ್ತಿನಲ್ಲಿ ಅಡಗಿರುತ್ತದೆ. ಇಂಗ್ಲಿಷನ್ನು ಪುಸ್ತಕದಿಂದಲೇ ಕಲಿತವರು ಎಡವುವುದು ಇಲ್ಲೇ. ವೇಗ ಹೆಚ್ಚೆನಿಸಿದರೆ ಪದಗಳನ್ನು ಎಳೆಯಬೇಡಿ, ವಾಕ್ಯಗಳ ನಡುವಿನ ಬಿಡುವನ್ನು ಹಿಗ್ಗಿಸಿ.

ಧ್ವನಿಮುದ್ರಿಕೆಯನ್ನು ಒಮ್ಮೆ ಕೇಳಿಸಬೇಕೇ, ಎರಡು ಬಾರಿಯೇ? ಇಂಗ್ಲಿಷ್ ಪ್ರಾವೀಣ್ಯ ಅಳೆಯುವ ದೊಡ್ಡ ಪರೀಕ್ಷೆಗಳಲ್ಲೇ ಒಮ್ಮತವಿಲ್ಲ. ಐಇಎಲ್‌ಟಿಎಸ್‌ನಲ್ಲಿ ಒಂದೇ ಬಾರಿ, ಕೇಂಬ್ರಿಡ್ಜ್‌ನ ಬಿ2 ಫಸ್ಟ್‌ನಲ್ಲಿ ಎರಡು ಬಾರಿ. ತೊಡಕು ಹುಡುಕುವ ಪರೀಕ್ಷೆಗೆ ಎರಡು ಬಾರಿ ಕೇಳಿಸುವುದೇ ಒಳ್ಳೆಯದು ಎಂಬುದು ನನ್ನ ದೃಢ ಅಭಿಪ್ರಾಯ. ಮೊದಲ ಬಾರಿಯ ಉತ್ತರ ನೀಲಿ ಶಾಯಿಯಲ್ಲಿ, ಎರಡನೆಯ ಬಾರಿಯ ತಿದ್ದುಪಡಿ ಪೆನ್ಸಿಲ್‌ನಲ್ಲಿ ಇರಲಿ. ಎರಡನೆಯ ಬಾರಿಗೆ ಎಷ್ಟು ಉತ್ತರ ಸರಿಹೋದವು ಎಂಬುದೇ ಅಮೂಲ್ಯ ಮಾಹಿತಿ.

ತಪ್ಪು ಉತ್ತರವೂ ಮಾತನಾಡುವಂತಹ ಪ್ರಶ್ನೆ

ಒಂದು ಪ್ರಕಟಣೆಯನ್ನು ಕೇಳಿಸಿದಿರಿ ಎಂದುಕೊಳ್ಳಿ: ದುರಸ್ತಿಯ ಕಾರಣ ಗ್ರಂಥಾಲಯ ಇಂದು ಐದು ಗಂಟೆಗೇ ಮುಚ್ಚುತ್ತದೆ, ಓದುವ ಕೋಣೆ ಮಾತ್ರ ಎಂದಿನಂತೆ ಎಂಟರವರೆಗೆ ತೆರೆದಿರುತ್ತದೆ, ಇಂದು ಹಿಂತಿರುಗಿಸಬೇಕಾದ ಪುಸ್ತಕಗಳನ್ನು ನಾಳೆ ಕೊಟ್ಟರೂ ದಂಡವಿಲ್ಲ.

‘ಗ್ರಂಥಾಲಯ ಎಷ್ಟು ಗಂಟೆಗೆ ಮುಚ್ಚುತ್ತದೆ?’ ಎಂದು ಕೇಳಿದರೆ ‘ಐದು’ ಎಂಬ ಒಂದು ಪದ ಕಿವಿಗೆ ಬಿದ್ದವರೆಲ್ಲ ಪಾಸು. ಅದರ ಬದಲು ಹೀಗೆ ಕೇಳಿ: ‘ಇಂದು ಸಂಜೆ ಆರಕ್ಕೆ ಬರುವ ವಿದ್ಯಾರ್ಥಿ ಏನು ಮಾಡಬಹುದು?’ ಆಯ್ಕೆಗಳು: ಪುಸ್ತಕ ಎರವಲು ಪಡೆಯಬಹುದು, ಕುಳಿತು ಓದಬಹುದು, ಒಳಗೆ ಬರುವಂತೆಯೇ ಇಲ್ಲ. ಮೊದಲನೆಯದನ್ನು ಆರಿಸಿದವರಿಗೆ ಮೊದಲ ಮಾತು ತಪ್ಪಿಹೋಗಿರಬಹುದು. ಮೂರನೆಯದನ್ನು ಆರಿಸಿದವರಿಗೆ ‘ಮಾತ್ರ’ ಎಂದು ತಿರುವು ಪಡೆದ ಎರಡನೆಯ ಮಾತು ತಪ್ಪಿದೆ. ಪ್ರತಿ ತಪ್ಪು ಆಯ್ಕೆಯ ಹಿಂದೆಯೂ ಹೀಗೆ ಒಂದು ನಿರ್ದಿಷ್ಟ ತಪ್ಪು ತಿಳಿವಳಿಕೆ ಇರಬೇಕು. ಅಂತಹ ಎರಡು ಆಯ್ಕೆ ಸಿಕ್ಕರೆ ಮೂರಕ್ಕೇ ನಿಲ್ಲಿಸಿ. ನಾಲ್ಕನೆಯದನ್ನು ಲೆಕ್ಕಕ್ಕಾಗಿ ತುರುಕಿದರೆ ಅದನ್ನು ಯಾರೂ ಆರಿಸುವುದಿಲ್ಲ, ಓದುವ ಸಮಯ ಮಾತ್ರ ಹೆಚ್ಚುತ್ತದೆ.

ಓದಿನ ಪ್ರಶ್ನೆಗಳಲ್ಲಿ ಇನ್ನೊಂದು ಅಪಾಯವಿದೆ. ಗದ್ಯದ ವಾಕ್ಯವನ್ನೇ ತಿರುಗಿಸಿ ಪ್ರಶ್ನೆ ಮಾಡಿದರೆ, ಹೋಲುವ ಪದ ಹುಡುಕಿ ಅದರ ಮುಂದಿನ ಸಾಲನ್ನು ನಕಲು ಮಾಡಿದರೂ ಅಂಕ ಬರುತ್ತದೆ, ಒಂದಕ್ಷರ ಅರ್ಥವಾಗಬೇಕಾಗಿಲ್ಲ. ಆದ್ದರಿಂದ ಪ್ರಶ್ನೆಯ ಮಾತು ಗದ್ಯದ ಮಾತಿಗಿಂತ ಭಿನ್ನವಾಗಿರಲಿ, ಆದರೆ ಅದಕ್ಕಿಂತ ಸರಳವಾಗಿರಲಿ.

ಕಿರು ಉತ್ತರ ಬರೆಸುವುದಾದರೆ, ತೊಡಕು ಹುಡುಕುವ ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ತಮ್ಮ ತಾಯ್ನುಡಿಯಲ್ಲೇ ಬರೆಯಲಿ. ಇದನ್ನು ಹಲವು ಶಿಕ್ಷಕರು ಒಪ್ಪುವುದಿಲ್ಲ ಎಂದು ಬಲ್ಲೆ. ಆದರೂ ಒತ್ತಿ ಹೇಳುತ್ತೇನೆ: ನಾವು ಅಳೆಯಹೊರಟಿದ್ದು ಗ್ರಹಿಕೆಯನ್ನು. ಚೆನ್ನಾಗಿ ಅರ್ಥಮಾಡಿಕೊಂಡ ಹುಡುಗನ ಬಾಯನ್ನು ಬರವಣಿಗೆಯ ಕೊರತೆ ಕಟ್ಟಿಹಾಕಬಾರದು. ಕಾಗುಣಿತ, ವ್ಯಾಕರಣದ ತಪ್ಪಿಗೆ ಅಂಕ ಕಳೆಯಬಾರದು ಎಂಬುದಕ್ಕೂ ಇದೇ ಕಾರಣ.

ಪ್ರಶ್ನೆ ಬರೆಯಲು ಸಮಯವಿಲ್ಲದಿದ್ದಾಗ ಎರಡು ಹಳೆಯ ಉಪಾಯಗಳು ಕೈಹಿಡಿಯುತ್ತವೆ. ಓದಿಗೆ, ವಿಲ್ಸನ್ ಟೇಲರ್ 1953ರಲ್ಲಿ ಮುಂದಿಟ್ಟ ಕ್ಲೋಜ್ ಪದ್ಧತಿ: ಮೊದಲ ವಾಕ್ಯವನ್ನು ಹಾಗೇ ಬಿಟ್ಟು, ಆಮೇಲೆ ಪ್ರತಿ ಏಳನೆಯ ಪದವನ್ನು ಅಳಿಸಿ ತುಂಬಿಸಲು ಹೇಳುವುದು. ಆಲಿಸುವಿಕೆಗೆ ಉಕ್ತಲೇಖನ: ಏಳೆಂಟು ಪದಗಳ ತುಣುಕನ್ನು ಸಹಜ ವೇಗದಲ್ಲಿ ಹೇಳಿ, ತುಣುಕುಗಳ ನಡುವೆ ಬರೆಯಲು ಬಿಡುವು ಕೊಡುವುದು. ಯಾವ ಪದಗಳು ಕಿವಿಗೆ ಬೀಳುತ್ತಿಲ್ಲ ಎಂಬುದು ಹಾಳೆಯ ಮೇಲೇ ಕಾಣುತ್ತದೆ.

ಗದ್ಯವಿಲ್ಲದೆ ಒಮ್ಮೆ ಉತ್ತರಿಸಿ ನೋಡಿ

ಪ್ರಶ್ನೆಗಳು ಸಿದ್ಧವಾದ ಮೇಲೆ, ಗದ್ಯಭಾಗವನ್ನೂ ಧ್ವನಿಮುದ್ರಿಕೆಯನ್ನೂ ಮರೆಮಾಡಿ ಬರೀ ಪ್ರಶ್ನೆಗಳನ್ನು ಸಹೋದ್ಯೋಗಿಯೊಬ್ಬರಿಗೆ ಕೊಡಿ. ಸಾಮಾನ್ಯ ಜ್ಞಾನದಿಂದ, ಉಳಿದವುಗಳಿಗಿಂತ ಉದ್ದವಾಗಿರುವ ಆಯ್ಕೆಯನ್ನು ಹಿಡಿದು, ಅಥವಾ ಒಂದು ಪ್ರಶ್ನೆಯಲ್ಲಿ ಸಿಕ್ಕ ಸುಳಿವಿನಿಂದ ಇನ್ನೊಂದಕ್ಕೆ ಅವರು ಸರಿಯಾಗಿ ಉತ್ತರಿಸಿದರೆ ಆ ಪ್ರಶ್ನೆ ಹೋಗಲಿ. ಅರ್ಧ ಗಂಟೆಯ ಈ ಕೆಲಸದಷ್ಟು ಪ್ರಶ್ನೆಪತ್ರಿಕೆಯನ್ನು ಶುದ್ಧಗೊಳಿಸುವುದು ಬೇರೊಂದಿಲ್ಲ.

ಪರೀಕ್ಷೆಯ ದಿನ

ಸ್ಪೀಕರ್‌ನ ದನಿ ಕೊನೆಯ ಬೆಂಚಿನಲ್ಲೂ ಸ್ಪಷ್ಟವೇ ಎಂದು ಮೊದಲೇ ಕುಳಿತು ಕೇಳಿ. ಪ್ರಶ್ನೆಗಳನ್ನು ಓದಿಕೊಳ್ಳಲು ಧ್ವನಿಮುದ್ರಿಕೆಗೆ ಮುಂಚೆ ಒಂದು ನಿಮಿಷ ಕೊಡಿ. ಯಾವುದಕ್ಕಾಗಿ ಕೇಳುತ್ತಿದ್ದೇವೆಂದು ಗೊತ್ತಿಲ್ಲದೆ ಕೇಳುವುದು ಜ್ಞಾಪಕಶಕ್ತಿಯ ಪರೀಕ್ಷೆಯಾಗುತ್ತದೆ. ಶ್ರವಣದೋಷ ಇರುವವರಿಗೆ ಎದುರು ಕುಳಿತು ತುಟಿ ಕಾಣುವಂತೆ ಹೇಳುವ ವ್ಯವಸ್ಥೆ, ದೃಷ್ಟಿದೋಷ ಇರುವವರಿಗೆ ದೊಡ್ಡಕ್ಷರದ ಪ್ರತಿ, ಓದುವ ತೊಡಕಿರುವವರಿಗೆ ಹೆಚ್ಚುವರಿ ಸಮಯ ಮುಂಚಿತವಾಗಿಯೇ ಸಿದ್ಧವಿರಲಿ.

ಪ್ರಶ್ನೆಗಳಿಗೂ ಮೌಲ್ಯಮಾಪನ

ಅಂಕ ಕೊಟ್ಟಾದ ಮೇಲೆ ಉತ್ತರಪತ್ರಿಕೆಗಳನ್ನು ಅಂಕಗಳ ಇಳಿಕೆಯ ಕ್ರಮದಲ್ಲಿ ಜೋಡಿಸಿ. ನಲವತ್ತು ಮಂದಿಯ ತರಗತಿಯಾದರೆ ಮೇಲಿನ 11 ಮತ್ತು ಕೆಳಗಿನ 11 ಪತ್ರಿಕೆಗಳನ್ನು ಬೇರೆ ಮಾಡಿ. ಮೇಲಿನ ಮತ್ತು ಕೆಳಗಿನ ಶೇ 27ರಷ್ಟು ಪತ್ರಿಕೆಗಳನ್ನು ಹೀಗೆ ತೆಗೆದುಕೊಳ್ಳುವುದು ವಾಡಿಕೆ. ಒಂದು ಪ್ರಶ್ನೆಯನ್ನು ಒಟ್ಟು 24 ಮಂದಿ ಸರಿಯಾಗಿ ಬರೆದಿದ್ದರೆ ಅದರ ಸುಲಭತೆ 24ನ್ನು 40ರಿಂದ ಭಾಗಿಸಿದಾಗ ಬರುವ 0.60. ಮೇಲಿನ ಗುಂಪಿನಲ್ಲಿ ಒಂಬತ್ತು, ಕೆಳಗಿನ ಗುಂಪಿನಲ್ಲಿ ನಾಲ್ಕು ಮಂದಿ ಸರಿಯಾಗಿದ್ದರೆ, ವ್ಯತ್ಯಾಸ ಐದನ್ನು 11ರಿಂದ ಭಾಗಿಸಿ: 0.45. ಬಲ್ಲವರನ್ನೂ ಬಾರದವರನ್ನೂ ಈ ಪ್ರಶ್ನೆ ಚೆನ್ನಾಗಿ ಬೇರ್ಪಡಿಸಿದೆ. ಈ ಅಂಕಿ 0.20ಕ್ಕಿಂತ ಕೆಳಗಿದ್ದರೆ ಪ್ರಶ್ನೆಯನ್ನು ಮತ್ತೆ ಪರಿಶೀಲಿಸಿ. ಮೇಲಿನವರಲ್ಲಿ ಮೂರು, ಕೆಳಗಿನವರಲ್ಲಿ ಆರು ಮಂದಿ ಸರಿಯಾಗಿದ್ದರೆ ಅಂಕಿ ಸೊನ್ನೆಗಿಂತ ಕೆಳಗಿಳಿಯುತ್ತದೆ. ಆಗ ಮೊದಲು ಅನುಮಾನಿಸಬೇಕಾದದ್ದು ಕೀ ಉತ್ತರವನ್ನು. ಅದು ಸರಿಯಿದ್ದರೆ, ಇನ್ನೊಂದು ಆಯ್ಕೆಯೂ ಸರಿಯಾಗಬಲ್ಲುದೇ ಎಂದು ನೋಡಿ. ಆಳವಾಗಿ ಓದಿದವರು ಅದನ್ನೇ ಆರಿಸಿರಬಹುದು. ಅಂತಹ ಪ್ರಶ್ನೆಯ ಅಂಕವನ್ನು ಎಲ್ಲರಿಗೂ ಸರಿಪಡಿಸುವುದು ನಮ್ಮ ಕರ್ತವ್ಯ.

ಎರಡನ್ನೂ ಅಕ್ಕಪಕ್ಕ ಇಟ್ಟಾಗ

ಆಲಿಸುವಿಕೆಯಲ್ಲಿ 15ಕ್ಕೆ ಎಂಟು, ಓದಿನಲ್ಲಿ ಹತ್ತು ಬಂದ ಮಾತ್ರಕ್ಕೆ ಓದು ಮೇಲು ಎನ್ನುವಂತಿಲ್ಲ. ಓದಿನ ಪತ್ರಿಕೆಯೇ ಸುಲಭವಾಗಿದ್ದಿರಬಹುದು. ಹೋಲಿಸಬೇಕಾದದ್ದು ತರಗತಿಯಲ್ಲಿ ಆ ವಿದ್ಯಾರ್ಥಿಯ ಸ್ಥಾನವನ್ನು. ಓದಿನಲ್ಲಿ ಮೊದಲ ಹತ್ತರೊಳಗಿದ್ದು ಆಲಿಸುವಿಕೆಯಲ್ಲಿ ಮೂವತ್ತರಾಚೆ ಇದ್ದರೆ ಅಲ್ಲಿ ಹುಡುಕಲು ಏನೋ ಇದೆ.

ಸಂಶೋಧಕರಾದ ಗಫ್ ಮತ್ತು ಟನ್‌ಮರ್ 1986ರಲ್ಲಿ ಮಂಡಿಸಿದ ವಿವರಣೆಯಂತೆ, ಓದಿನ ಗ್ರಹಿಕೆ ಎಂಬುದು ಅಕ್ಷರಗಳನ್ನು ಬಿಡಿಸಿ ಓದುವ ಶಕ್ತಿ ಮತ್ತು ಭಾಷೆಯನ್ನು ಕೇಳಿ ತಿಳಿಯುವ ಶಕ್ತಿ ಇವೆರಡರ ಗುಣಲಬ್ಧ. ಮನೆಯಲ್ಲಿ ಇಂಗ್ಲಿಷ್ ಕೇಳುತ್ತಾ ಬೆಳೆದವರಲ್ಲಿ ಕಿವಿ ಮುಂದೆ, ಕಣ್ಣು ಹಿಂದೆ. ಶಾಲೆಯಲ್ಲಿ ಪುಸ್ತಕದ ಮೂಲಕ ಕಲಿತವರಲ್ಲಿ ಇದು ತಿರುವುಮುರುವಾಗಿರುವುದು ಸಾಮಾನ್ಯ.

ಖಚಿತಪಡಿಸಿಕೊಳ್ಳಲು, ಆಲಿಸುವಿಕೆಯಲ್ಲಿ ಹಿಂದುಳಿದವರಿಗೆ ಅದೇ ಧ್ವನಿಮುದ್ರಿಕೆಯ ಮಾತುಗಳನ್ನು ಅಚ್ಚು ಮಾಡಿ ಕೊಟ್ಟು, ತಪ್ಪಿದ ಪ್ರಶ್ನೆಗಳಿಗೆ ಮತ್ತೆ ಉತ್ತರಿಸಲು ಹೇಳಿ. ಓದಿದಾಗ ಸರಿಯಾಯಿತೇ? ಹಾಗಿದ್ದರೆ ಪದಗಳು ಗೊತ್ತಿವೆ, ಹರಿಯುವ ಮಾತಿನಲ್ಲಿ ಅವುಗಳನ್ನು ಗುರುತಿಸಲು ಆಗುತ್ತಿಲ್ಲ. ಅಂಥವರಿಗೆ ಬೇಕಾದದ್ದು ಪದಪಟ್ಟಿಯಲ್ಲ. ಅಚ್ಚಾದ ಮಾತನ್ನು ಎದುರಿಗಿಟ್ಟುಕೊಂಡು ಚಿಕ್ಕ ಚಿಕ್ಕ ತುಣುಕುಗಳನ್ನು ಪದೇ ಪದೇ ಕೇಳುವ ಅಭ್ಯಾಸ. ಓದಿದರೂ ತಪ್ಪಾಯಿತೇ? ಕೊರತೆ ಪದಗಳಲ್ಲೋ ವಾಕ್ಯರಚನೆಯಲ್ಲೋ ಇದೆ, ಕಿವಿಯನ್ನು ದೂರಬೇಕಿಲ್ಲ. ಪೆನ್ಸಿಲ್ ತಿದ್ದುಪಡಿಗಳಲ್ಲೇ ಬಹಳಷ್ಟು ಸರಿಹೋಗಿದ್ದವರಿಗೆ ಕಾಲಾವಕಾಶವೇ ತೊಡಕು. ಹೆಚ್ಚು ಕೇಳಿದಂತೆಲ್ಲ ಅದು ಸಡಿಲವಾಗುತ್ತದೆ.

ಇನ್ನೂ ಅನುಮಾನ ಉಳಿದರೆ ಆ ವಿದ್ಯಾರ್ಥಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಈ ಆಯ್ಕೆಯನ್ನು ಏಕೆ ಆರಿಸಿದೆ?’ ಎಂದು ಪ್ರೀತಿಯಿಂದ ಕೇಳಿ. ತರಗತಿಯ ಎಲ್ಲರೊಡನೆ ಇದು ಆಗದು, ಐದಾರು ಮಂದಿಯೊಡನೆ ಆಗುತ್ತದೆ. ಅವರು ಹೇಳಿದ್ದನ್ನು ಒಂದೊಂದು ಸಾಲಿನಲ್ಲಿ ಅವರ ಹೆಸರಿನ ಮುಂದೆ ಬರೆದಿಡಿ. ಮುಂದಿನ ಅವಧಿಯಲ್ಲಿ ಅದೇ ನೀಲನಕ್ಷೆಗೆ ಹೊಸ ಗದ್ಯ, ಹೊಸ ಧ್ವನಿಮುದ್ರಿಕೆ ಸಿದ್ಧಪಡಿಸುವಾಗ ಯಾವ ತಪ್ಪು ಆಯ್ಕೆಗಳನ್ನು ಇಡಬೇಕೆಂಬುದನ್ನು ಆ ಸಾಲುಗಳಿಂದಲೇ ಆರಿಸಿಕೊಳ್ಳಬಹುದು.