ಸನ್‌ರೂಫ್ ಸೋರಿಕೆ: ತೊಂದರೆ ಇದ್ದದ್ದು ಡ್ರೈನ್ ಪೈಪಿನಲ್ಲಿ

ಜೋರು ಮಳೆ ಬಂದರೆ ನನ್ನ ಕಾರಿನಲ್ಲಿ ಡ್ರೈವರ್ ಕಾಲಡಿಯ ಮ್ಯಾಟ್ ನೆನೆಯುತ್ತಿತ್ತು. ಸನ್‌ರೂಫ್ (ಚಾವಣಿಯಲ್ಲಿ ತೆರೆಯುವ ಕಿಟಕಿ) ಗಾಜಿನ ಸುತ್ತ ಸಿಲಿಕೋನ್ ಬಳಿಸಿದ್ದು ದಂಡ. ಹೊಸ ಬೀಡಿಂಗ್‌ಗೂ (ಗಾಜಿನಂಚಿನ ರಬ್ಬರ್ ಪಟ್ಟಿ) ಸೋರಿಕೆ ಜಗ್ಗಲಿಲ್ಲ. ಅಸಲಿಗೆ ರಬ್ಬರ್ ದಾಟಿ ಸ್ವಲ್ಪ ನೀರು ಒಳಗೆ ಬಂದೇ ಬರುತ್ತದೆ. ಅದು ಸನ್‌ರೂಫ್ ಮೂಲೆಯ ಡ್ರೈನ್ ಪೈಪುಗಳಿಂದ ಹೊರಹೋಗಬೇಕು, ಅಷ್ಟೇ.

ಸನ್‌ರೂಫ್ ಪೂರ್ತಿ ತೆರೆದು ಮುಂದಿನ ಮೂಲೆಗಳಿಗೆ ಅರ್ಧರ್ಧ ಲೋಟ ನೀರು ಹಾಕಿದೆ. ಎಡಗಡೆ ಕಾರಿನಡಿ ಸುರಿಯಿತು, ಬಲಗಡೆ ಅಲ್ಲೇ ನಿಂತಿತು. ಕುವೆಂಪುನಗರದಲ್ಲಿ ಗುಲ್‌ಮೊಹರ್ ಮರದಡಿ ನಿಲ್ಲಿಸುವ ಕಾರು ಅಲ್ವಾ, ಸಣ್ಣೆಲೆ, ಧೂಳು ಸೇರಿ ಪೈಪಿನ ತೂತಿನ ಬಾಯಲ್ಲಿ ಕಪ್ಪು ರಾಡಿ. ಮೊದಲು ಅದನ್ನು ಬಟ್ಟೆಯಿಂದ ತೆಗೆಯಿರಿ. ಆಮೇಲೆ ಹುಲ್ಲು ಕತ್ತರಿಸುವ ಮೆಷಿನ್ನಿನ 2 ಮಿ.ಮೀ. ನೈಲಾನ್ ದಾರ. ತುದಿಯನ್ನು ಲೈಟರ್‌ನಲ್ಲಿ ಕಾಯಿಸಿ ಉರುಟು ಮಾಡಿ, ತಿರುಗಿಸುತ್ತಾ ಪೈಪಿನೊಳಗೆ ಇಳಿಸಿ. ತಡೆದರೆ ಒತ್ತಬೇಡಿ, ಹಿಂದಕ್ಕೆಳೆದು ಮತ್ತೆ ಬಿಡಿ. ಜೋರಾಗಿ ಏರ್ ಹೊಡೆಸಬೇಡಿ. ಒಳಗೆ ಪೈಪ್ ಕಳಚಿಕೊಂಡರೆ ರೂಫ್ ಲೈನಿಂಗ್ ಬಿಚ್ಚಬೇಕಾಗುತ್ತದೆ. ಕೊನೆಗೆ, ಎರಡೂ ಕಡೆ ಒಂದೇ ವೇಗದಲ್ಲಿ ಇಳಿಯುವವರೆಗೆ ನೀರು ಬಿಡಿ.