ಒಂಟೆ ಆಮೇಲೆ, ಮೊದಲು ರಜಾಯಿ ನೋಡಿ

ರಾಜಸ್ಥಾನದ ಜೈಸಲ್ಮೇರಿಗೆ ಹೋಗಿ ಬಂದವರ ಫೋನಿನಲ್ಲೆಲ್ಲ ಒಂದೇ ಫೋಟೊ. ಒಂಟೆ ಮೇಲೆ ಕೂತಿರುತ್ತಾರೆ, ತಲೆಗೆ ಬಣ್ಣದ ರುಮಾಲು, ಹಿಂದೆ ಮುಳುಗುವ ಸೂರ್ಯ. ಆ ಫೋಟೊಗೆ ಇಪ್ಪತ್ತು ನಿಮಿಷ ಸಾಕು. ಮರಳಲ್ಲಿ ಒಂದು ರಾತ್ರಿ ಮಲಗಿ ಏಳುತ್ತೇನೆ ಅನ್ನುವವರ ಲೆಕ್ಕ ಬೇರೆ. ಜನವರಿಯಲ್ಲಿ ಅಲ್ಲಿ ಸಂಜೆ ಆರರ ಸುಮಾರಿಗೆ ಸೂರ್ಯ ಮುಳುಗಿದರೆ, ಮತ್ತೆ ಮುಖ ತೋರಿಸುವುದು ಬೆಳಿಗ್ಗೆ ಏಳೂವರೆ ಹೊತ್ತಿಗೆ. ಹದಿಮೂರು ತಾಸಿಗೂ ಜಾಸ್ತಿ. ಅಷ್ಟು ಹೊತ್ತೂ ನೀವು ಒಂಟೆ ಮೇಲೆ ಇರುವುದಿಲ್ಲ, ಕೆಳಗೆ ಚಳಿಯಲ್ಲಿ ಇರುತ್ತೀರಿ. ದುಡ್ಡು ಕೊಟ್ಟು ಹೋಗುವುದು ಆ ಹದಿಮೂರು ತಾಸಿಗೇ. ತಯಾರಿಯೂ ಅದಕ್ಕೇ ಆಗಬೇಕು.

ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಎಲ್ಲ ತಪ್ಪನ್ನೂ ಮಾಡಿದೆ. ಎರಡನೇ ಸಲ ಅಕ್ಕನ ಮಗನನ್ನು ಕಟ್ಟಿಕೊಂಡು ಹೋದಾಗ ಸ್ವಲ್ಪ ಬುದ್ಧಿ ಬಂದಿತ್ತು.

ಮೊದಲು ಕ್ಯಾಲೆಂಡರ್

ನವೆಂಬರಿನಿಂದ ಫೆಬ್ರುವರಿವರೆಗೆ ಮಾತ್ರ ಯೋಚಿಸಿ. ಮೇ, ಜೂನಿನಲ್ಲಿ ಹಗಲು 45 ಡಿಗ್ರಿ ದಾಟುತ್ತದೆ. ಡಿಸೆಂಬರ್, ಜನವರಿಯಲ್ಲಿ ಹಗಲು ಹಿತವಾಗಿರುತ್ತದೆ, ರಾತ್ರಿ ಮಾತ್ರ ಐದಾರು ಡಿಗ್ರಿಗೆ ಇಳಿಯುವುದುಂಟು. ಗಾಳಿಯಲ್ಲಿ ತೇವ ಕಡಿಮೆ, ಮೇಲೆ ಮೋಡವಿಲ್ಲ. ಹಗಲೆಲ್ಲ ಕಾದ ನೆಲದ ಬಿಸಿ ಸೂರ್ಯ ಮುಳುಗಿದ ಕೂಡಲೇ ಆಕಾಶಕ್ಕೆ ಹೋಗಿಬಿಡುತ್ತದೆ. ಮರಳಿನ ಮೇಲ್ಪದರ ಅರ್ಧ ತಾಸಿನಲ್ಲೇ ತಣ್ಣಗಾಗುತ್ತದೆ. ಕೈ ಹಾಕಿ ಒಂದು ಗೇಣು ತೋಡಿ ನೋಡಿ, ಒಳಗೆ ಇನ್ನೂ ಬೆಚ್ಚಗಿರುತ್ತದೆ.

ಇನ್ನೊಂದು ವಿಷಯ, ಚಂದ್ರ. ಇದನ್ನು ಬಹಳ ಜನ ನೋಡುವುದೇ ಇಲ್ಲ. ನಕ್ಷತ್ರ ಬೇಕೆಂದರೆ ಅಮಾವಾಸ್ಯೆಯ ಆಸುಪಾಸು ಹೋಗಿ. ಬೆಳ್ಳಗೆ ಹೊಳೆಯುವ ಮರಳದಿಬ್ಬ ಬೇಕೆಂದರೆ ಹುಣ್ಣಿಮೆ. ಎರಡೂ ಒಟ್ಟಿಗೆ ಸಿಗುವುದಿಲ್ಲ. ನನ್ನ ಓಟು ಅಮಾವಾಸ್ಯೆಗೆ. ಮಾಘ ಹುಣ್ಣಿಮೆಯ ಹೊತ್ತಿಗೆ ಜೈಸಲ್ಮೇರಿನಲ್ಲಿ 'ಮರು ಉತ್ಸವ', ಅಂದರೆ ಮರುಭೂಮಿಯ ಹಬ್ಬ, ನಡೆಯುತ್ತದೆ. ಒಂಟೆ ಓಟ, ಮಾಂಗಣಿಯಾರ್ ಹಾಡುಗಾರರು, ಎಲ್ಲ ಚೆನ್ನಾಗಿರುತ್ತದೆ. ಆದರೆ ಆ ದಿನಗಳಲ್ಲಿ ಮೌನ ಹುಡುಕಿಕೊಂಡು ಹೋಗಬೇಡಿ.

ಹೋಗುವ ದಾರಿ ಸುಲಭ. ಬೆಂಗಳೂರಿನಿಂದ ಹುಬ್ಬಳ್ಳಿ ಮೇಲೆ ಜೋಧಪುರಕ್ಕೆ ನೇರ ರೈಲಿದೆ, ಹೆಚ್ಚುಕಡಿಮೆ ಎರಡು ದಿನದ ಪ್ರಯಾಣ. ಜೋಧಪುರದಿಂದ ಜೈಸಲ್ಮೇರ್ ಸುಮಾರು 280 ಕಿ.ಮೀ. ರೈಲು, ಬಸ್ಸು ಎರಡೂ ಇವೆ.

ಎಲ್ಲಿ ಮಲಗುತ್ತೀರಿ ಎಂದು ಕೇಳಿ

ಮೊದಲ ಸಲ ನಾನು ಎಡವಿದ್ದು ಇಲ್ಲೇ. ಬಸ್ಸಿನಿಂದ ಕಾಲು ಕೆಳಗಿಡುವ ಮುಂಚೆಯೇ ಒಬ್ಬ ಏಜೆಂಟ್ ನನ್ನ ಬ್ಯಾಗು ಹಿಡಿದಿದ್ದ. 'ಕ್ಯಾಮೆಲ್ ಸಫಾರಿ, ಡೆಸರ್ಟ್ ನೈಟ್, ಎಲ್ಲ ಸೇರಿ ಇಷ್ಟು' ಅಂದ. ಹೂಂ ಅಂದೆ. ಕರೆದುಕೊಂಡು ಹೋಗಿದ್ದು ಟೆಂಟುಗಳ ಒಂದು ಊರಿಗೇ. ಒಂಟೆ ಸವಾರಿ ಹದಿನೈದು ನಿಮಿಷ. ರಾತ್ರಿ ಹನ್ನೊಂದರವರೆಗೆ ಡಿಜೆ. ಪಕ್ಕದ ಟೆಂಟಿನವರು ಆಮೇಲೂ ಹಾಡುತ್ತಿದ್ದರು. ಬೆಳಿಗ್ಗೆ ಎದ್ದು ನೋಡಿದರೆ ದಿಬ್ಬದ ತುಂಬ ಜೀಪಿನ ಚಕ್ರದ ಗುರುತು.

ಅದೂ ಒಂದು ಥರದ ಮಜಾ, ಬೇಕಾದವರಿಗೆ. ಚಿಕ್ಕ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಹಾಸಿಗೆ, ಬಚ್ಚಲು ಇರುವ ಟೆಂಟೇ ಸರಿ. ಆದರೆ ಬಯಲಲ್ಲಿ ಮಲಗಬೇಕು ಅನ್ನುವವರು ದುಡ್ಡು ಕೊಡುವ ಮೊದಲು ಬಾಯಿ ಬಿಟ್ಟು ಕೇಳಲೇಬೇಕು. ಒಂಟೆ ಮೇಲೆ ಎಷ್ಟು ಹೊತ್ತು? ಒಬ್ಬರಿಗೆ ಒಂದು ಒಂಟೆಯೋ, ಇಬ್ಬರಿಗೆ ಒಂದೋ? ಮಲಗುವ ಜಾಗದ ಹತ್ತಿರ ಬೇರೆ ಗುಂಪು ಇರುತ್ತದೋ? ರಜಾಯಿ, ಅಂದರೆ ದಪ್ಪ ಹೊದಿಕೆ, ಎಷ್ಟು ಕೊಡುತ್ತೀರಿ? ಕೊನೇ ಪ್ರಶ್ನೆಗೆ 'ಅದೆಲ್ಲ ಇರುತ್ತೆ' ಎಂಬ ಉತ್ತರ ಬಂದರೆ ಒಪ್ಪಬೇಡಿ. ತೋರಿಸಿ ಅನ್ನಿ.

ಜಾಗದ ವಿಷಯಕ್ಕೆ ಬಂದರೆ, ಹೆಚ್ಚು ಹೆಸರಿರುವುದು ಸಮ್ ದಿಬ್ಬಗಳಿಗೆ. ಊರಿನಿಂದ ಪಶ್ಚಿಮಕ್ಕೆ 40 ಕಿ.ಮೀ. ಚಿಲ್ಲರೆ. ಜನಸಂದಣಿಯೂ ಅಲ್ಲೇ. ನೈಋತ್ಯಕ್ಕೆ ಸುಮಾರು 50 ಕಿ.ಮೀ. ದೂರದ ಖುರಿ ಒಂದು ಹಳ್ಳಿ, ಸಮ್‌ಗಿಂತ ಗಲಾಟೆ ಕಡಿಮೆ. ಇವೆರಡೂ ಬೇಡ ಎಂದರೆ ಹೆಸರಿಲ್ಲದ ಸಣ್ಣ ದಿಬ್ಬಗಳಿಗೆ ಕರೆದೊಯ್ಯುವವರೂ ಇದ್ದಾರೆ. ನಾವು ಎರಡನೇ ಸಲ ಹೋಗಿದ್ದು ಅಂಥ ಒಂದಕ್ಕೆ.

ಒಂದು ಭ್ರಮೆ ಮೊದಲೇ ಬಿಡಿ. ಥಾರ್ ಅಂದರೆ ಕಣ್ಣು ಹಾಯಿಸಿದಷ್ಟೂ ಮರಳು ಅಲ್ಲ. ಹೆಚ್ಚಿನದು ಕಲ್ಲು ನೆಲ, ಕುರುಚಲು ಗಿಡ, ಅಲ್ಲಲ್ಲಿ ಸಜ್ಜೆ ಹೊಲ. ದಾರಿಯಲ್ಲಿ ಎಕ್ಕದ ಗಿಡ ಕಂಡು ಅಕ್ಕನ ಮಗನಿಗೆ ನಿರಾಸೆ. 'ಇದು ನಮ್ಮೂರಲ್ಲೇ ಇದೆಯಲ್ಲ ಮಾಮಾ' ಅಂದ. ಇನ್ನೊಂದು ಮರವನ್ನೂ ತೋರಿಸಿದೆ. ಅವರು ಖೇಜ್ಡಿ ಅನ್ನುವುದು ನಮ್ಮ ಬನ್ನಿ ಮರವನ್ನೇ. ದಸರೆಗೆ ನಾವು 'ಬಂಗಾರ' ಎಂದು ಕೈಗಿಡುತ್ತೇವಲ್ಲ, ಅದೇ ಎಲೆ. 1730ರಲ್ಲಿ ಜೋಧಪುರದ ಹತ್ತಿರದ ಖೇಜಡ್ಲಿಯಲ್ಲಿ ಈ ಮರ ಕಡಿಯಲು ಬಂದವರಿಗೆ ಅಡ್ಡ ನಿಂತು ಬಿಷ್ಣೋಯಿ ಸಮುದಾಯದ 363 ಮಂದಿ ಪ್ರಾಣ ಕೊಟ್ಟರು. ಬೆಂಕಿಗೆ ಕಟ್ಟಿಗೆ ಆರಿಸುವಾಗ ಹಸಿ ಕೊಂಬೆಗೆ ಕೈ ಹಾಕಬೇಡಿ.

ಬ್ಯಾಗಿನಲ್ಲಿ ಏನು

ಜೀನ್ಸ್ ಬೇಡ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳಿ. ಒಂಟೆಯ ಬೆನ್ನು ಅಗಲ, ಕಾಲು ಚಾಚಿ ಕೂರಬೇಕು. ಜೀನ್ಸಿನ ದಪ್ಪ ಹೊಲಿಗೆ ಒಂದು ತಾಸಿನಲ್ಲಿ ತೊಡೆಯ ಒಳಭಾಗವನ್ನು ತಿಂದುಹಾಕುತ್ತದೆ. ಸಡಿಲ ಹತ್ತಿ ಪೈಜಾಮ, ಒಳಗೆ ಮೈಗಂಟುವ ಥರ್ಮಲ್. ಸ್ವೆಟರ್ ಮೇಲೆ ಗಾಳಿ ತಡೆಯುವ ಜಾಕೆಟ್. ಮಂಕಿ ಕ್ಯಾಪ್ ತರಲು ನಾಚಬೇಡಿ. ಉಣ್ಣೆ ಕಾಲುಚೀಲ ಎರಡು ಜೊತೆ ಇರಲಿ. ಹಗಲು ಹಾಕಿದ್ದರಲ್ಲಿ ಮರಳು, ಬೆವರು ಸೇರಿರುತ್ತದೆ, ಮಲಗುವಾಗ ಒಣಗಿದ್ದು ಬೇಕು. ಎರಡು ಮೀಟರಿನ ತೆಳು ಹತ್ತಿ ಬಟ್ಟೆ ಒಂದಿರಲಿ. ಹಗಲು ತಲೆಗೆ, ಗಾಳಿ ಎದ್ದರೆ ಮೂಗಿಗೆ, ರಾತ್ರಿ ದಿಂಬಿನ ಮೇಲೆ.

ನೀರು ಒಬ್ಬರಿಗೆ ನಾಲ್ಕೈದು ಲೀಟರ್. ಅವರೇ ತರುತ್ತಾರೆ, ಆದರೂ ಹೊರಡುವಾಗ ಕ್ಯಾನ್ ಎಣಿಸಿ. ತಲೆಗೆ ಕಟ್ಟುವ ಟಾರ್ಚ್, ತುಟಿಗೆ ಹಚ್ಚುವ ಮುಲಾಮು, ಆಧಾರ್ ಕಾರ್ಡ್ ಬೇಕು. ಇದು ಗಡಿ ಜಿಲ್ಲೆ, ಗುರುತಿನ ಚೀಟಿ ಕೇಳಬಹುದು. ಫೋನನ್ನು ಜಿಪ್ ಇರುವ ಜೇಬಿನಲ್ಲಿಡಿ. ಮರಳಿಗೆ ಬಿದ್ದ ವಸ್ತು ಸದ್ದು ಮಾಡುವುದಿಲ್ಲ. ನನ್ನ ಕನ್ನಡಕದ ಡಬ್ಬಿ ಇವತ್ತಿಗೂ ಅಲ್ಲೇ ಎಲ್ಲೋ ಇದೆ.

ಒಂದು ಡಬ್ಬಿ ಶೇಂಗಾ ಚಟ್ನಿ ಪುಡಿಯನ್ನೂ ಹಾಕಿಕೊಳ್ಳಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಹತ್ತುವುದು, ಕೂರುವುದು

ಹತ್ತುವ ಮುನ್ನ ಪ್ರಾಣಿಯನ್ನು ಒಮ್ಮೆ ಸುತ್ತು ಹಾಕಿ ನೋಡಿ. ಮೂಗಿನ ಗೂಟದ ಹತ್ತಿರ ಗಾಯ, ಜೀನಿನ ಕೆಳಗೆ ಹುಣ್ಣು, ಕುಂಟು ನಡಿಗೆ, ಇವುಗಳಲ್ಲಿ ಯಾವುದಿದ್ದರೂ ಬೇರೆ ಒಂಟೆ ಕೇಳಿ. ಗಂಡು ಒಂಟೆಗೆ ಚಳಿಗಾಲದಲ್ಲೇ ಮದ. ಗೊಳಗೊಳ ಸದ್ದು ಮಾಡುತ್ತಾ ಬಾಯಿಯ ಪಕ್ಕದಿಂದ ಕೆಂಪು ಬಲೂನಿನಂಥದ್ದನ್ನು ಹೊರಗೆ ಬಿಡುತ್ತಿದ್ದರೆ ರೋಗ ಅಂದುಕೊಳ್ಳಬೇಡಿ, ಅದು ಮದದ ಲಕ್ಷಣ. ಹತ್ತಿರ ಹೋಗಿ ಸೆಲ್ಫಿ ಮಾತ್ರ ಬೇಡ.

ಒಂಟೆ ಏಳುವಾಗ ಹಿಂಗಾಲು ಮೊದಲು. ನೀವು ಧಡ್ ಅಂತ ಮುಂದಕ್ಕೆ ಬಾಗುತ್ತೀರಿ. ಆದ್ದರಿಂದ ಜೀನಿನ ಹಿಡಿ ಗಟ್ಟಿ ಹಿಡಿದು ಮೊದಲೇ ಹಿಂದಕ್ಕೆ ವಾಲಿ ಕೂರಿ. ಕೂರುವಾಗ ಅದು ಮುಂಗಾಲು ಮಡಚುತ್ತದೆ, ಆಗಲೂ ಹಿಂದಕ್ಕೇ ವಾಲಬೇಕು. ಇಳಿಯುವಾಗ ಬೀಳುವವರೇ ಜಾಸ್ತಿ. ಮುಗಿಯಿತಲ್ಲ ಅಂತ ಕೈ ಬಿಟ್ಟಿರುತ್ತಾರೆ.

ನಡೆಯುವಾಗ ಒಂದೇ ಬದಿಯ ಎರಡು ಕಾಲು ಒಟ್ಟಿಗೆ ಎತ್ತಿಡುತ್ತದೆ. ಅದಕ್ಕೇ ಆ ತೂಗಾಟ. ಬೆನ್ನು ಬಿಗಿ ಹಿಡಿದು ತಡೆಯಲು ಹೋದರೆ ಸೊಂಟ ಹಿಡಿಯುತ್ತದೆ. ಸೊಂಟ ಸಡಿಲ ಬಿಟ್ಟು ಅದರ ಜೊತೆ ತೂಗಿ. ಪಾದ ಇಡಲು ರಿಕಾಪು ಇದೆಯೇ ನೋಡಿ, ಇಲ್ಲದಿದ್ದರೆ ಹಗ್ಗದ ಕುಣಿಕೆ ಹಾಕಿಸಿಕೊಳ್ಳಿ. ಕಾಲು ಸುಮ್ನೆ ಜೋತಾಡುತ್ತಿದ್ದರೆ ಮೊಣಕಾಲು ಹೋಯಿತು ಅಂತಲೇ ಲೆಕ್ಕ. ಮೊದಲ ಸಲದವರಿಗೆ ಸಂಜೆ ಎರಡು ತಾಸು, ಬೆಳಿಗ್ಗೆ ಎರಡು ತಾಸು ಧಾರಾಳವಾಯಿತು. ಗಂಟೆಗೆ ನಾಲ್ಕೈದು ಕಿ.ಮೀ. ಹೋಗುತ್ತದೆ, ನಡೆದರೂ ಅಷ್ಟೇ. ಬೇಜಾರಾದರೆ ಇಳಿದು ಪಕ್ಕದಲ್ಲಿ ನಡೆಯಿರಿ.

ಜಾಗ ಆರಿಸುವುದು, ಅಡುಗೆ

ನಮ್ಮ ಒಂಟೆಯವರಿಗೆ ಅರವತ್ತರ ಹತ್ತಿರ ವಯಸ್ಸು. ಅಲ್ಲಿನ ರೂಢಿಯಂತೆ 'ಕಾಕಾಸಾ' ಎಂದು ಕರೆಯುತ್ತಿದ್ದೆವು. ಉತ್ತರ ಕರ್ನಾಟಕದವರಿಗೆ ಕಾಕಾ ಅನ್ನುವುದೇನು ಹೊಸದಲ್ಲವಲ್ಲ. ಅವರು ದಿಬ್ಬದ ತುದಿಗೆ ಹೋಗಿ ಒಂದು ಹಿಡಿ ಮರಳು ಬಿಟ್ಟು ಗಾಳಿ ನೋಡಿದರು. ತುದಿಯಲ್ಲಿ ಗಾಳಿ ಹೊಡೆಯುತ್ತದೆ. ತೀರಾ ತಗ್ಗಿನಲ್ಲಿ ತಣ್ಣನೆ ಗಾಳಿ ಬಂದು ನಿಲ್ಲುತ್ತದೆ. ಗಾಳಿಗೆ ಮರೆಯಾದ ಇಳಿಜಾರಿನ ನಡುವೆ ಹಾಸಿಗೆ ಹಾಕಿದರು. ಗಿಡದ ಬುಡದಿಂದ ದೂರ. ಮರಳುಗಾಡಿನ ಹಾವುಗಳಲ್ಲಿ ಗರಗಸ ಮಂಡಲ ವಿಷದ್ದು. ಚಳಿಗಾಲದಲ್ಲಿ ಓಡಾಟ ಕಡಿಮೆ, ಆದರೂ ಬಿಲ, ಪೊದೆಗಳ ಹತ್ತಿರ ಮಲಗಬಾರದು.

ಜಾಗಕ್ಕೆ ಬಂದಮೇಲೆ ಇನ್ನೊಂದು ನೋಡಿ. ಜೈಸಲ್ಮೇರಿನ ಸುತ್ತ ಗಾಳಿ ವಿದ್ಯುತ್ತಿನ ಕಂಬಗಳು ರಾಶಿ. ಕತ್ತಲಾದಮೇಲೆ ಅವುಗಳ ಕೆಂಪು ದೀಪ ದಿಗಂತದಲ್ಲಿ ಕಣ್ಣು ಮಿಟುಕಿಸುತ್ತಿರುತ್ತದೆ. ದಿಬ್ಬ ಅದಕ್ಕೆ ಅಡ್ಡವಾಗುವಂತೆ ಮಲಗಿ. ಇಲ್ಲಿನ ವಿದ್ಯುತ್ ತಂತಿಗೆ ಬಡಿದು ಸಾಯುವ ಹಕ್ಕಿಗಳಲ್ಲಿ ಗೋಡಾವಣವೂ ಒಂದು, ನಮ್ಮ ಬಳ್ಳಾರಿ ಕಡೆಯ ಎರ್ಲಡ್ಡು, ಇಂಗ್ಲಿಷಿನ ಗ್ರೇಟ್ ಇಂಡಿಯನ್ ಬಸ್ಟರ್ಡ್. ಅದರಂಥ ಮರುಭೂಮಿಯ ಜೀವಿಗಳು ಉಳಿಯಲೆಂದು ಇಲ್ಲಿ 1980ರಲ್ಲಿ ಮಾಡಿದ ಮರುಭೂಮಿ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ 3,162 ಚ.ಕಿ.ಮೀ.

ಅಡುಗೆ ಮೂರು ಕಲ್ಲಿನ ಒಲೆ ಮೇಲೆ. ದಾಲ್, ಕೇರ್-ಸಾಂಗ್ರಿ ಪಲ್ಯ, ಬಾಜ್ರಾ ರೊಟ್ಟಿ. ಬಾಜ್ರಾ ಅಂದರೆ ಸಜ್ಜೆ, ಕೇರ್ ಅಂದರೆ ಮರುಭೂಮಿಯ ಒಂದು ಗಿಡದ ಸಣ್ಣ ಕಾಯಿ, ಸಾಂಗ್ರಿ ಅಂದರೆ ಅದೇ ಬನ್ನಿಯ ಕಾಯಿ. ಕಾಕಾಸಾ ಅಂಗೈಯಲ್ಲೇ ತಟ್ಟಿದ ರೊಟ್ಟಿ ನಮ್ಮದಕ್ಕಿಂತ ದಪ್ಪ, ಕೆಂಡದ ವಾಸನೆ, ನಡುನಡುವೆ ಕರಕರ ಮರಳು. ಚಟ್ನಿ ಪುಡಿ ಈಗ ತೆಗೆಯಿರಿ. ಅವರಿಗೂ ಕೊಡಿ. ಕಾಕಾಸಾ ಮೂರು ಸಲ ಹಾಕಿಸಿಕೊಂಡರು. ಊಟವಾದಮೇಲೆ ಪಾತ್ರೆಗೆ ಒಣ ಮರಳು ಹಾಕಿ ತಿಕ್ಕಿ ಕೊಡವಿದರು. ಒಂದು ಹನಿ ನೀರು ಖರ್ಚಿಲ್ಲ, ಪಾತ್ರೆ ಫಳಫಳ.

ಮಲಗುವುದು

ಮಲಗುವ ಮುಂಚೆ ಶೌಚದ ಕೆಲಸ ಮುಗಿಸಿ. ಇನ್ನೊಂದು ದಿಬ್ಬದ ಹಿಂದೆ, ಗುಂಡಿ ತೋಡಿ, ಮುಚ್ಚಿ. ಕಾಗದ, ಪ್ಯಾಡು ಏನಿದ್ದರೂ ಚೀಲದಲ್ಲಿ ವಾಪಸು ತನ್ನಿ. ಹೋಗುವಾಗ ಟಾರ್ಚನ್ನು ಹಾಸಿಗೆಯ ಹತ್ತಿರ ಉರಿಸಿಟ್ಟು ಹೋಗಬೇಕು, ಇನ್ನೊಂದನ್ನು ಕೈಯಲ್ಲಿ ಹಿಡಿಯಬೇಕು. ಕತ್ತಲಲ್ಲಿ ಎಲ್ಲ ದಿಬ್ಬವೂ ಒಂದೇ ಥರ ಕಾಣುತ್ತವೆ. ಐವತ್ತು ಹೆಜ್ಜೆಗೆ ದಾರಿ ತಪ್ಪಿದವನು ನಾನೇ.

ಚಳಿ ಬರುವುದು ಕೆಳಗಿನಿಂದ. ಇದು ನನಗೆ ಮೊದಲು ಗೊತ್ತಿರಲಿಲ್ಲ. ಮೂರು ರಜಾಯಿ ಕೊಟ್ಟರೆ ಎರಡನ್ನು ಕೆಳಗೆ ಹಾಸಿ ಒಂದನ್ನು ಹೊದೆಯುವುದು ಲೇಸು. ನಮಗೆ ಸಿಕ್ಕಿದ್ದರಲ್ಲಿ ಒಂದು ಗೂದಡಿ, ಹಳೇ ಬಟ್ಟೆ ಪದರ ಪದರ ಸೇರಿಸಿ ಹೊಲಿದದ್ದು. ನಮ್ಮ ಕೌದಿಯೇ. ಅದನ್ನೇ ಕೆಳಗೆ ಹಾಕಿದೆವು. ಬೂಟನ್ನು ಚೀಲದೊಳಗೆ ಹಾಕಿ ಬಾಯಿ ಕಟ್ಟಿಡಿ, ಇಲ್ಲದಿದ್ದರೆ ಸಗಣಿ ಹುಳು ಬೆಚ್ಚಗೆ ಒಳಗೆ ಸೇರಿಕೊಳ್ಳುತ್ತದೆ. ಫೋನನ್ನು ರಜಾಯಿಯೊಳಗಿಡಿ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಬೆಳಗಿನ ಜಾವ ಕೆಲವೊಮ್ಮೆ ಇಬ್ಬನಿ ಬೀಳುತ್ತದೆ, ಮೇಲೊಂದು ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಒಳ್ಳೆಯದು.

ಮೂರು ಗಂಟೆಗೆ ಹೇಗೂ ಎಚ್ಚರವಾಗುತ್ತದೆ. ಸಿಟ್ಟಾಗಬೇಡಿ, ಮುಖ ಮಾತ್ರ ಹೊರಗೆ ಹಾಕಿ. ಸಂಜೆ ನೆತ್ತಿಯ ಹತ್ತಿರ ಇದ್ದ ಕೃತ್ತಿಕೆ ಪಶ್ಚಿಮಕ್ಕೆ ಜಾರಿ ಮುಳುಗುತ್ತಿರುತ್ತದೆ, ಸಪ್ತರ್ಷಿಗಳು ಎತ್ತರಕ್ಕೆ ಏರಿರುತ್ತಾರೆ. ಧ್ರುವ ನಕ್ಷತ್ರ ನೋಡಿ. ಬೆಂಗಳೂರಿನಲ್ಲಿ ದಿಗಂತದಿಂದ 13 ಡಿಗ್ರಿ ಎತ್ತರದಲ್ಲಿ, ಕಟ್ಟಡಗಳ ಹಿಂದೆ ಸಿಕ್ಕಿಹಾಕಿಕೊಂಡಿರುತ್ತದೆ. ಇಲ್ಲಿ 27 ಡಿಗ್ರಿ, ಎರಡರಷ್ಟು ಮೇಲೆ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಸುಮಾರು ಹತ್ತು ಡಿಗ್ರಿ. ಅಕ್ಕನ ಮಗ ಮುಷ್ಟಿ ಮೇಲೆ ಮುಷ್ಟಿ ಇಟ್ಟು ಮೂರರ ಹತ್ತಿರ ಎಣಿಸಿದ. ಆಮೇಲೆ ಕೈ ಚಳಿಯಾಯಿತು ಅಂತ ಒಳಗೆ ಎಳೆದುಕೊಂಡ.

ದೂರದಲ್ಲಿ ಒಂಟೆ ಮೆಲುಕು ಹಾಕುವ ಸದ್ದು ಕೇಳುತ್ತದೆ. ಕೊರಳ ಗಂಟೆಯೂ ಆಗಾಗ.

ಬೆಳಿಗ್ಗೆ

ಎದ್ದು ನೋಡಿದರೆ ಒಂಟೆಗಳೇ ಇರಲಿಲ್ಲ! ಗಾಬರಿ ಬೇಡ. ರಾತ್ರಿ ಮುಂಗಾಲೆರಡನ್ನೂ ಗಿಡ್ಡ ಹಗ್ಗದಿಂದ ಕಟ್ಟಿ ಮೇಯಲು ಬಿಡುತ್ತಾರೆ. ಕುಪ್ಪಳಿಸಿಕೊಂಡೇ ಒಂದೆರಡು ಕಿ.ಮೀ. ಹೋಗಿಬಿಡುತ್ತವೆ. ಕಾಕಾಸಾ ನಮಗೆ ಚಹಾ ಕಾಸಿಕೊಟ್ಟು ಹೆಜ್ಜೆ ಗುರುತು ಹಿಡಿದು ಹೊರಟರು. ಒಂಟೆಯ ಪಾದಕ್ಕೆ ಎರಡೇ ಬೆರಳು, ಕೆಳಗೆ ಅಗಲವಾದ ಮೆತ್ತನೆ ದಿಂಡು, ಮರಳಿನಲ್ಲಿ ಹೂತುಹೋಗುವುದಿಲ್ಲ. ಗುರುತು ಹೃದಯದ ಆಕಾರದಲ್ಲಿ ಬೀಳುತ್ತದೆ. ಹತ್ತಾರು ಒಂಟೆಯ ಗುರುತಿನಲ್ಲಿ ತಮ್ಮದು ಯಾವುದು ಅಂತ ಅವರಿಗೆ ಗೊತ್ತು. ನಾವೂ ಹಿಂದೆ ಹೋದೆವು, ಇಡೀ ಪ್ರವಾಸದಲ್ಲಿ ನನಗೆ ಇಷ್ಟವಾದದ್ದು ಆ ಮುಕ್ಕಾಲು ತಾಸು. ನಿಮಗೂ ಅವಕಾಶ ಸಿಕ್ಕರೆ ಬಿಡಬೇಡಿ.

ಕಾಕಾಸಾ ದಾರಿಯಲ್ಲಿ ಹೇಳಿದ್ದು, ಅವರ ಅಪ್ಪನಿಗೆ ಹದಿನೆಂಟು ಒಂಟೆ ಇದ್ದವಂತೆ. ಇವರಿಗೆ ಎರಡು. ದೇಶದಲ್ಲಿ 2012ರ ಜಾನುವಾರು ಗಣತಿಯಲ್ಲಿ 4 ಲಕ್ಷ ಇದ್ದ ಒಂಟೆಗಳು 2019ರಲ್ಲಿ 2.5 ಲಕ್ಷಕ್ಕೆ ಇಳಿದಿವೆ. ಹೊಲಕ್ಕೆ ಟ್ರ್ಯಾಕ್ಟರ್ ಬಂತು, ಸಾಮಾನಿಗೆ ಟೆಂಪೊ ಬಂತು. ಎಷ್ಟೋ ಮನೆಗಳಲ್ಲಿ ಒಂಟೆಯ ಮೇವಿನ ಖರ್ಚು ಹುಟ್ಟುವುದು ಪ್ರವಾಸಿಗಳಿಂದ.

ಹಾಗಾಗಿ ಕೊನೆಗೆ ಟಿಪ್ಸ್ ಕೊಡುವಾಗ ಏಜೆಂಟಿನ ಕೈಗೆ ಕೊಡಬೇಡಿ. ಊರಿಗೆ ಮರಳುವ ಜೀಪು ಹತ್ತುವ ಮೊದಲೇ, ಒಂಟೆಯವರ ಕೈಗೇ ಕೊಡಿ. ಉಳಿದ ಚಟ್ನಿ ಪುಡಿಯ ಡಬ್ಬಿಯನ್ನೂ.